ಗಂಗಮ್ಮ ಹೊರಗಾದ ಮೂರು ದಿನ

ಮದುವೆಯಾಗಿ ಕೊಡಿಗೇಹಳ್ಳಿಗೆ ಬಂದ ಹೊಸದರಲ್ಲಿ ನನ್ನ ಜೊತೆ ದಿನವೂ ತಪ್ಪದೆ ಮಾತಾಡುತ್ತಿದ್ದುದು ಹಿತ್ತಲ ಬಾವಿ ಒಂದೇ. ನಗಬೇಡಿ. ಬಾವಿಗೆ ಬಗ್ಗಿ ‘ಊ’ ಅಂದರೆ ಅದೂ ‘ಊ’ ಅನ್ನುತ್ತಿತ್ತು. ನಾನು ಅಂದದ್ದಕ್ಕೆ ತಿರುಗಿ ಏನಾದರೂ ಅನ್ನುವವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹುಟ್ಟಿ ಬೆಳೆದದ್ದು ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಹಗಲೂ ರಾತ್ರಿ ರೈಲು, ಬೀದಿ ನಲ್ಲಿಯ ಮುಂದೆ ಜಗಳ. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರನೆಯ ಮನೆಯವರು ಸೀನುತ್ತಿದ್ದರು. ಅಂಥ ಗದ್ದಲದಿಂದ ಎದ್ದು ಬಂದವಳಿಗೆ ಕೊಡಿಗೇಹಳ್ಳಿಯ ಮಧ್ಯಾಹ್ನಗಳು ಕಿವಿ ಕಿವುಡಾಗುವಷ್ಟು ಸುಮ್ಮನಿದ್ದವು. ಗಂಡನಿಗೆ ಕಾರ್ಖಾನೆಯಲ್ಲಿ ಎರಡನೆಯ ಪಾಳಿ. ಊಟ ಕಟ್ಟಿಕೊಂಡು ಸೈಕಲ್ ಹತ್ತಿದರೆ ನಾನು ಮಲಗಿದ ಮೇಲೆ ಬರುತ್ತಿದ್ದರು. ಕೆಟ್ಟವರಲ್ಲ. ಸುಸ್ತಾದವರು.

ಉಳಿದದ್ದು ಅತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕೆರೆ ಕೆಳಗಿನ ಗದ್ದೆಯನ್ನೂ ಮಗನನ್ನೂ ಒಬ್ಬರೇ ಕಾಪಾಡಿಕೊಂಡವರು. ಮಾತು ಅವರಿಗೆ ದಂಡ. ಬೇಕಾದ್ದನ್ನು ಕಣ್ಣಲ್ಲೇ ಹೇಳುತ್ತಿದ್ದರು, ಬೇಡವಾದ್ದನ್ನು ಮಾತ್ರ ಬಾಯಲ್ಲಿ.

"ಬಾವಿಗ್ ಬಗ್ಗಬ್ಯಾಡ ಉಡುಗಿ."

ಅದು ದಿನಕ್ಕೊಂದು ಸಲವಾದರೂ ಬೀಳುತ್ತಿತ್ತು. ಬಾವಿಯ ಕಟ್ಟೆ ಮೊಳಕಾಲಿನ ಎತ್ತರವೂ ಇರಲಿಲ್ಲ. ಸುತ್ತಲ ಚಪ್ಪಡಿ ಪಾಚಿಗಟ್ಟಿ ಜಾರುತ್ತಿತ್ತು, ರಾಟೆ ಕಟ್ಟಿದ ತೊಲೆಯ ಒಂದು ತುದಿ ಹುಳ ಹಿಡಿದು ಅಲ್ಲಾಡುತ್ತಿತ್ತು. ಆದರೆ ಅತ್ತೆಯ ಹೆದರಿಕೆ ಪಾಚಿಯದಲ್ಲ. ತವರು ನೆನೆದು ನಾನು ಬಾವಿಗೆ ಹಾರಿಕೊಂಡರೆ ಮನೆಗೆ ಕೆಟ್ಟ ಹೆಸರು, ಜೊತೆಗೆ ಊರಿಗೆಲ್ಲ ಇದ್ದ ಒಂದೇ ಸಿಹಿನೀರಿನ ಬಾವಿ ಹಾಳು. ನನಗೆ ಹಾರುವ ಯೋಚನೆ ಇರಲಿಲ್ಲ. ಯಾರದಾದರೂ ದನಿ ಕೇಳಬೇಕಿತ್ತು, ನನ್ನದೇ ಆದರೂ ಸರಿ.

ಬೆಳಗ್ಗೆ, ಸಂಜೆ ಬೀದಿಯ ಹೆಂಗಸರೆಲ್ಲ ನೀರಿಗೆ ಬರುತ್ತಿದ್ದರು. ಬಂದರೇನು, ನಾನು ಹೊಸ ಸೊಸೆ. ಅವರ ಮಾತು ನನ್ನ ತಲೆಯ ಮೇಲಿಂದ ಹಾದು ಹೋಗುತ್ತಿತ್ತು. ನನಗೆ ‘ನಲ್ಲಿನೀರಿನವಳು’ ಎಂದು ಹೆಸರಿಟ್ಟಿದ್ದರು. "ನಲ್ಲಿನೀರಿನವಳಿಗೆ ಹಗ್ಗ ಇಡಿಯಾಕೂ ಬರಾಕಿಲ್ವಲ್ಲವ್ವ" ಎಂದು ನನ್ನೆದುರೇ ಅತ್ತೆಗೆ ಹೇಳಿ ನಗುತ್ತಿದ್ದರು. ಅಂಗೈಯಲ್ಲಿ ಬೊಬ್ಬೆ ಎದ್ದದ್ದು ನಿಜವಾದ್ದರಿಂದ ನಾನೂ ನಗಬೇಕಾಗುತ್ತಿತ್ತು.

ಅವರೆಲ್ಲ ಹೋದ ಮೇಲೆ ಹಿತ್ತಲ ಮೋಟುಗೋಡೆಯ ಆಚೆ ಒಂದು ತಲೆ ಕಾಣಿಸುತ್ತಿತ್ತು. ಹಿಂದಿನ ಓಣಿಯಲ್ಲಿದ್ದ ಕಲಾಯಿಯವನ ಹೆಂಡತಿ. ಅವನು ತಿದಿ, ಇದ್ದಿಲು, ತವರದ ಕಡ್ಡಿ ಹೊತ್ತು ಯಲಹಂಕದವರೆಗೂ ಊರೂರು ತಿರುಗಿ, ಹಿತ್ತಾಳೆ ತಾಮ್ರದ ಪಾತ್ರೆಗಳ ಒಳಗೆ ಕಲಾಯಿ ಹಾಕುತ್ತಿದ್ದ. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿ ಕಾಯಿಸಿದರೆ ಕಿಲುಬು ಇಳಿದು ಹೊಟ್ಟೆಗೆ ವಿಷವಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅವನು ಬೇಕು. ನಮ್ಮ ಮನೆಯ ನೀರಿನ ಕೊಳಗದೊಳಗೆ ತೋಳು ಇಳಿಬಿಟ್ಟು ಫಳಫಳ ಉಜ್ಜಿ ಕೊಟ್ಟವನೂ ಅವನೇ. ಆದರೆ ಅವನ ಹೆಂಡತಿ ನಮ್ಮ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಇದಕ್ಕೇನು ಅರ್ಥ ಎಂದು ನಾನು ಆಗಲೂ ಕೇಳಿಕೊಂಡಿದ್ದೆ, ಈಗಲೂ ಕೇಳಿಕೊಳ್ಳುತ್ತೇನೆ.

ಅವಳಿಗೆ ನೀರು ಸೇದಿ ಕೊಡುವುದು ನನ್ನ ಪಾಲಿನ ಕೆಲಸ. ಅವಳು ಗೋಡೆಯ ಆಚೆ ಕಲ್ಲಿನ ಮೇಲೆ ಕೊಡ ಇಟ್ಟು ಸರಿದು ನಿಲ್ಲಬೇಕು. ನಾನು ಈಚೆಯಿಂದ ನಮ್ಮ ಕೊಡ ಎತ್ತಿ, ಅವಳ ಕೊಡಕ್ಕೆ ತಾಗದಂತೆ ಸುರಿಯಬೇಕು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇನ್ನೂ ಮ್ಯಾಲೆತ್ತು."

ಎತ್ತುತ್ತಿದ್ದೆ. ಎತ್ತಿದಷ್ಟೂ ನೀರು ಚೆಲ್ಲುತ್ತಿತ್ತು. ಅರ್ಧ ಕೊಡಕ್ಕೆ, ಅರ್ಧ ಅವಳ ಸೀರೆಗೆ. "ಬೇಸಿಗೆ ಅಲ್ವಾ, ಸ್ನಾನ ಆಗೋಯ್ತು" ಎಂದು ಅವಳು ನಗುತ್ತಿದ್ದಳು. ನಾನು ಅವಳನ್ನು ಅವಳ ಉರ್ದುವಿನಲ್ಲೇ ‘ಆಪಾ’ ಅನ್ನುತ್ತಿದ್ದೆ, ಅಕ್ಕ ಎಂದು. ಅವಳು ನನ್ನನ್ನು ‘ದುಲ್ಹನ್’ ಅನ್ನುತ್ತಿದ್ದಳು. ಮದುಮಗಳು ಎಂದು. ಆ ಊರಲ್ಲಿ ನಾನು ಊಟ ಮಾಡಿದೆನೋ ಇಲ್ಲವೋ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಕೊಡ ತುಂಬುವಷ್ಟು ಹೊತ್ತು ನಮ್ಮ ಸ್ನೇಹ.

ಆಪಾಳ ಸೊಂಟದಲ್ಲಿ ಒಂದು ಹೆಣ್ಣು ಕೂಸು ಇರುತ್ತಿತ್ತು. ಆಗಷ್ಟೇ ಅಂಬೆಗಾಲಿಡಲು ಕಲಿತದ್ದು. ಇದಕ್ಕೆ ಮೊದಲಿನ ಎರಡೂ ಮಕ್ಕಳು ಹಾಲು ಬಿಡಿಸಿ ನೀರು ಕುಡಿಯುವ ವಯಸ್ಸಿಗೇ ಭೇದಿಯಾಗಿ ಹೋಗಿದ್ದವು. ಅದನ್ನು ಅವಳು ಒಂದೇ ಸಲ ಹೇಳಿದ್ದು, ಅದೂ ಕೊಡದ ಕಡೆಗೆ ನೋಡುತ್ತ. "ಇದೊಂದು ಉಳೀಲಿ ದುಲ್ಹನ್. ನಾನು ಇನ್ನೇನೂ ಕೇಳಲ್ಲ." ಆ ಕೂಸು ನನ್ನನ್ನು ಕಂಡರೆ ಬಾಯಿ ಅಗಲಿಸುತ್ತಿತ್ತು. ನನಗೂ ಅದರ ಮೇಲೆ ಜೀವ.

ಆ ವರ್ಷದ ಬೇಸಿಗೆಯಲ್ಲಿ ಯಲಹಂಕದ ಕಡೆ ವಾಂತಿಭೇದಿ ಎಂದು ಸುದ್ದಿ ಬಂತು. ಒಂದು ಮಧ್ಯಾಹ್ನ ಅತ್ತೆಯೂ ಬೀದಿಯ ಹೆಂಗಸರೂ ಯಾರದೋ ಮನೆಯ ಪ್ರಸ್ತಕ್ಕೆ ಹೋಗಿದ್ದಾಗ ಹೆಲ್ತ್ ಇನ್‌ಸ್ಪೆಕ್ಟರು ಸೈಕಲ್ ತಳ್ಳಿಕೊಂಡು ನಮ್ಮ ಹಿತ್ತಲಿಗೆ ಬಂದರು. ನಮ್ಮ ಬಾವಿಗೆ ಅಂಥವರು ಬಂದದ್ದು ಅದೇ ಮೊದಲು. ಚೀಟಿಯಷ್ಟು ಚಿಕ್ಕ ಪೊಟ್ಟಣ ಬಿಚ್ಚಿ ಬಕೆಟ್ಟಿನ ನೀರಿಗೆ ಸುರಿದು, ಕೋಲಿನಿಂದ ಕದಡಿ, ಬಾವಿಗೆ ಹೊಯ್ದರು. ನೋಡನೋಡುತ್ತಿದ್ದಂತೆ ನೀರು ಕೆಂಪಾಯಿತು. ಅವರ ಜೊತೆ ಬೇರೆ ಯಾರೂ ಇಲ್ಲದ್ದರಿಂದ ಹೇಳಬೇಕಾದ್ದನ್ನೆಲ್ಲ ನನಗೇ ಹೇಳಿದರು.

"ನೋಡಮ್ಮಾ, ಇವತ್ತು ಮುಟ್ಟಬೇಡಿ. ನಾಳೆಯಿಂದ ಕುಡೀಬಹುದು. ಸ್ವಲ್ಪ ಬಣ್ಣ ಇದ್ರೂ ಪರವಾಗಿಲ್ಲ, ಕುದಿಸಿ ಕುಡೀರಿ. ಆ ಕೆರೆ ಪಕ್ಕದ ಕುಂಟೆ ನೀರು ಮಾತ್ರ ಯಾರೂ ಬಾಯಿಗೆ ಹಾಕ್ಬೇಡಿ."

ನನಗೆ ಅದೇನೂ ಹೊಸದಲ್ಲ. ಗಂಟಲು ಕೆರೆದರೆ ರೈಲ್ವೆ ಆಸ್ಪತ್ರೆಯಲ್ಲಿ ಬಾಯಿ ಮುಕ್ಕಳಿಸಲು ಕೊಡುತ್ತಿದ್ದುದು ಅದೇ ನೇರಳೆ ಹರಳು. ಮಳೆಗಾಲದಲ್ಲಿ ನಮ್ಮಮ್ಮ ಸೊಪ್ಪು ತೊಳೆಯುವ ನೀರಿಗೂ ಎರಡು ಹರಳು ಹಾಕುತ್ತಿದ್ದಳು. ಕ್ವಾರ್ಟರ್ಸಿನ ಮಕ್ಕಳೆಲ್ಲ ಆ ಬಣ್ಣದ ನಾಲಿಗೆ ಚಾಚಿಕೊಂಡು ಓಡಾಡಿದವರೇ. ಪರ್ಮಾಂಗನೇಟು ಎಂಬ ಹೆಸರು ತಿಳಿದದ್ದು ಮಾತ್ರ ಬಹಳ ಆಮೇಲೆ.

ಸಂಜೆ ಹೆಂಗಸರು ಕೊಡ ಹಿಡಿದು ಬಂದರು. ಮೊದಲ ಕೊಡ ಮೇಲೆ ಬಂದದ್ದೇ ಎಲ್ಲರೂ ಹಿಂದೆ ಸರಿದರು. ಒಬ್ಬರೂ ಕೂಗಾಡಲಿಲ್ಲ. ಮೂಲೆಮನೆಯ ಅಜ್ಜಿ ಆ ನೀರನ್ನು ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದರು.

"ಗಂಗಮ್ಮ ಹೊರಗಾಗವಳೆ ಕಣ್ರವ್ವ."

ಹೊರಗಾಗುವುದು ಅಂದರೆ ಮುಟ್ಟಾಗುವುದು. ನಮ್ಮ ಮನೆಗಳಲ್ಲಿ ಹೆಣ್ಣು ಹೊರಗಾದರೆ ಮೂರು ದಿನ ಯಾರೂ ಮುಟ್ಟುವುದಿಲ್ಲ, ಅವಳ ಕೈಯಲ್ಲಿ ಏನೂ ಮಾಡಿಸುವುದಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಗಂಗಮ್ಮನೂ ಹೆಣ್ಣಲ್ಲವೇ, ಅವಳಿಗೂ ಅದೇ ಕಟ್ಟಳೆ. ನಾನು ಇನ್‌ಸ್ಪೆಕ್ಟರು ಬಂದದ್ದು, ಔಷಧಿ ಹಾಕಿದ್ದು, ಕುಂಟೆ ನೀರು ಬೇಡವೆಂದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಯಾರೂ ಅದು ಸುಳ್ಳೆನ್ನಲಿಲ್ಲ.

"ಔಸ್ದಿ ಆಕವ್ನೆ ಅಂದ್ರೆ ಆಕವ್ನೆ" ಎಂದರು ಅತ್ತೆ. "ಯಾರಾನ ಏನಾನ ಆಕ್ಲಿ. ಕೆಂಪಗವಳೆ ಅಂದ್ಮ್ಯಾಕೆ ಹೊರಗವಳೆ. ಮೂರ್ ದಿನ ಸುಮ್ಕಿರಬೇಕು."

ಹೆಂಗಸರು ಕೊಡ ತಿರುಗಿಸಿಕೊಂಡು ನೇರ ಕುಂಟೆಗೆ ಹೊರಟರು. ಎಮ್ಮೆ ಮೀಯುವ, ಬಟ್ಟೆ ಒಗೆಯುವ ಕುಂಟೆ. ನನಗೆ ಅಳು ಬಂತು, ಸಿಟ್ಟು ಅದಕ್ಕಿಂತ ಹೆಚ್ಚು ಬಂತು. ಮಾರನೆಯ ದಿನ ಬೆಳಗ್ಗೆ ಅವರೆಲ್ಲ ನಮ್ಮ ಬಾಗಿಲ ಮುಂದೆ ಹಾದು ಹೋಗುವಾಗ, ಬಾವಿಯ ಒಂದು ಚೊಂಬು ನೀರು ಕುದಿಸಿ ಆರಿಸಿ ತಂದು, ಜಗುಲಿಯ ಮೇಲೆ ನಿಂತು ಗಟಗಟ ಕುಡಿದೆ. ನೋಡಲಿ ಎಂದೇ ಕುಡಿದೆ. ನೋಡಿದರು. ಅತ್ತೆ ಹತ್ತಿರ ಬಂದು, ನನ್ನ ಕೈಯ ಚೊಂಬನ್ನೂ ಮುಟ್ಟದೆ, ಹಿತ್ತಲ ಕಡೆ ಬೆರಳು ತೋರಿಸಿದರು.

"ನೀನೂ ಅಲ್ಲೇ ಇರು. ಅವಳು ಒಳಕ್ ಬರೋಗಂಟ ನೀನೂ ಬರಬ್ಯಾಡ."

ಹೀಗೆ ಗಂಗಮ್ಮನ ಜೊತೆ ನಾನೂ ಹೊರಗಾದೆ. ದನದ ಕೊಟ್ಟಿಗೆಯ ಪಕ್ಕ ಚಾಚಿದ ಸೂರಿನ ಕೆಳಗೆ ಒಂದು ಚಾಪೆ, ಒಂದು ತಟ್ಟೆ, ಮೂರು ಕಲ್ಲಿನ ಒಲೆ. ಗಂಡ ಎದ್ದು ಬಂದು ಇಣುಕಿ, "ನಿಂಗ್ಯಾಕೆ ಬೇಕಿತ್ತು ಇದೆಲ್ಲ" ಅಂದು ಹೋದರು. ಅವರಿಗೆ ಕಾರ್ಖಾನೆಯಲ್ಲಿ ನಲ್ಲಿನೀರು. ಆ ಹೊತ್ತು ಇಷ್ಟು ಒಂಟಿಯಾಗಿ ಯಾರೂ ಬದುಕಬಾರದು ಅನಿಸಿತು.

ಹೊತ್ತೇರಿದ ಮೇಲೆ ಗೋಡೆಯ ಆಚೆ ಆಪಾಳ ತಲೆ ಕಂಡಿತು. ಅವಳ ಮುಖ ಎಂದಿನಂತಿರಲಿಲ್ಲ. ಓಣಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಿಜ ಹೇಳಿ ದುಲ್ಹನ್. ಎಲ್ಲಾರೂ ಕುಂಟೆಗೆ ಹೋಗ್ತಾ ಇದಾರೆ. ನಮ್ಮನೇಲಿ ನಿನ್ನೆಯಿಂದ ಒಂದು ತೊಟ್ಟಿಲ್ಲ. ಈ ನೀರು ಮಗೂಗೆ ಕೊಡಬೋದಾ?"

ನಾನು ಕುಡಿದದ್ದು ನನ್ನ ಹಟಕ್ಕೆ. ಅವಳ ಕೂಸಿನ ಜೀವಕ್ಕೆ ಹೊಣೆಯಾಗುವುದು ಬೇರೆ ಮಾತು. ಇದ್ದುದು ಅದೊಂದೇ ಕೂಸು. ಇನ್‌ಸ್ಪೆಕ್ಟರ ಪೊಟ್ಟಣದಲ್ಲಿ ಇದ್ದದ್ದು ನಮ್ಮಮ್ಮನ ಹರಳೇ ಎಂದು ನಾನೇನು ಪರೀಕ್ಷೆ ಮಾಡಿದ್ದೆನೇ? ಆದರೂ ಆ ಬಣ್ಣ ನನಗೆ ಗೊತ್ತು, ಆ ಒಗರು ಗೊತ್ತು.

"ಕೊಡು ಆಪಾ. ಚೆನ್ನಾಗಿ ಕುದಿಸಿ ಕೊಡು. ನಾನು ಕುಡಿದು ಇಲ್ಲೇ ಇದೀನಲ್ಲ."

ಅವಳು ಎಂದಿನಂತೆ ಕಲ್ಲಿನ ಮೇಲೆ ಕೊಡ ಇಟ್ಟು ಸರಿದು ನಿಂತಳು. ಆಗ ನನಗೆ ಹೊಳೆಯಿತು. ಬಾವಿ ಮೈಲಿಗೆ. ಬಾವಿಯ ಪಕ್ಕ ಕೂತ ನಾನು ಮೈಲಿಗೆ. ಇನ್ನು ಇಲ್ಲಿ ಕೆಡುವುದಕ್ಕೆ ಉಳಿದಿರುವುದೇನು? ಅಡುಗೆಮನೆಯ ಬಾಗಿಲು ಮುಚ್ಚಿತ್ತು, ಅತ್ತೆ ಕುಂಟೆಯ ಕಡೆ ಹೋಗಿದ್ದರು.

"ಒಳಗೆ ಬಾ" ಎಂದೆ. "ನೀನೇ ಸೇದಿಕೋ."

ಅವಳು ಗೋಡೆ ಹತ್ತಿ ಇಳಿದಳು. ಕೂಸನ್ನು ನನ್ನ ಮಡಿಲಿಗೆ ಕೊಟ್ಟು, ಹಗ್ಗಕ್ಕೆ ಕೈ ಹಾಕುವ ಮೊದಲು ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಸೇದಿದಳು ನೋಡಿ! ಒಂದು ಕಾಲು ಕಟ್ಟೆಗೆ ಒತ್ತಿ, ಸೊಂಟ ಹಿಂದಕ್ಕೆ ಬಿಟ್ಟು, ಒಂದು ಹನಿ ಚೆಲ್ಲದ ಹಾಗೆ. "ನೀನು ಯಾಕೆ ಎರಡೂ ಕಾಲು ಜೋಡಿಸ್ತೀಯ? ಪಾಚಿ ಮೇಲೆ ಜಾರಿದ್ರೆ ಸೀದಾ ಒಳಗೆ" ಎಂದು ನನಗೆ ನಿಲ್ಲುವುದನ್ನು ಕಲಿಸಿದಳು. ತಾನೇ ಒಂದು ಕಲ್ಲು ತಂದು ಚಪ್ಪಡಿಯ ಪಾಚಿಯನ್ನೆಲ್ಲ ಕೆರೆದು ತೆಗೆದಳು. ಇಷ್ಟು ತಿಂಗಳಲ್ಲಿ ಆ ಮನೆಯವರಲ್ಲಿ ಯಾರಿಗೂ ಅದು ತೋಚಿರಲಿಲ್ಲ.

ಆ ದಿನಗಳಷ್ಟು ಸುಖವಾಗಿ ಆ ಊರಲ್ಲಿ ನಾನು ಮುಂದೆಂದೂ ಇರಲಿಲ್ಲ. ಅತ್ತೆ ಗದ್ದೆಗೋ ಕುಂಟೆಗೋ ಹೋದ ಕೂಡಲೇ ಆಪಾ ಗೋಡೆ ಇಳಿಯುತ್ತಿದ್ದಳು. ಬಾವಿಯ ಕಟ್ಟೆಯ ಮೇಲೆ ಕೂತು ಇಬ್ಬರೂ ಮಾತಾಡುತ್ತಿದ್ದೆವು. ಅವಳ ತವರು ಯಾವುದು, ಅವಳಿಗೆ ಹುಣಸೆಚಿಗುರು ಎಂದರೆ ಎಷ್ಟು ಇಷ್ಟ, ಕಲಾಯಿಯವನು ಮದುವೆಯ ದಿನ ಹೇಗೆ ಬೆವರಿದ. ನನ್ನ ಒಲೆಯ ಮೇಲೆ ಅವಳ ಕೂಸಿಗೆ ನೀರು ಕುದಿಯುತ್ತಿತ್ತು. ಆರಿಸಿದ ನೀರನ್ನು ಒಳಲೆಯಲ್ಲಿ ಕುಡಿಸಿದರೆ ಕೂಸು ಅದರ ಒಗರಿಗೆ ಮುಖ ಕಿವುಚಿಕೊಳ್ಳುತ್ತಿತ್ತು, ನಾವು ನಗುತ್ತಿದ್ದೆವು. ರಾತ್ರಿ ಮಾತ್ರ ನನಗೆ ನಿದ್ದೆ ಬರುತ್ತಿರಲಿಲ್ಲ. ಬೆಳಗ್ಗೆ ಗೋಡೆಯ ಆಚೆ ಮೊದಲು ಕೂಸಿನ ದನಿ ಕೇಳಬೇಕು, ಆಮೇಲೆ ನನಗೆ ಉಸಿರು. ಕೇಳಿಸುತ್ತಿತ್ತು.

ಕೇಳಿಸದೆ ಹೋದದ್ದು ಬೇರೆ ಮನೆಗಳಲ್ಲಿ. ಮೂರನೆಯ ದಿನ ಎದುರುಮನೆಯ ಮುದುಕರಿಗೆ ವಾಂತಿಭೇದಿ ಹಿಡಿದು ದೀಪ ಹಚ್ಚುವಷ್ಟರಲ್ಲಿ ತೀರಿಕೊಂಡರು. ಮೂಲೆಮನೆಯ ಅಜ್ಜಿಯ ಮೊಮ್ಮಗು ಮಲಗಿತು. ಹಿಂದೆಯೇ ಇನ್ನೊಂದು ಮನೆ.

ನಾಲ್ಕನೆಯ ಬೆಳಗ್ಗೆ ಬಾವಿ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಗಂಗಮ್ಮ ಮಿಂದು ಒಳಗೆ ಬಂದಿದ್ದಳು. ಹೆಂಗಸರು ಅರಿಸಿನ, ಕುಂಕುಮ, ಬೇವಿನ ಸೊಪ್ಪು ತಂದು ಕಟ್ಟೆಯ ಸುತ್ತ ನಿಂತರು. ಊರಿಗೆ ರೋಗ ಬಂದದ್ದು ಯಾಕೆಂದು ಅವರಿಗೆ ಅನುಮಾನವಿರಲಿಲ್ಲ. ಹೊರಗಾದವಳನ್ನು ನಾನು ಮುಟ್ಟಿದೆ, ಅವಳು ಮುನಿದಳು. ಒಬ್ಬೊಬ್ಬರೂ ನನ್ನನ್ನು ನೋಡಿ ಮುಖ ತಿರುಗಿಸುತ್ತಿದ್ದರು. ತಪ್ಪುಕಾಣಿಕೆ ಕಟ್ಟಿ, ಗಂಗಮ್ಮ ಶಾಂತಳಾಗುವ ತನಕ ಇನ್ನೂ ಒಂದು ವಾರ ಈ ನೀರು ಮುಟ್ಟುವುದು ಬೇಡ ಎಂದು ಮೂಲೆಮನೆಯ ಅಜ್ಜಿ ಹೇಳುತ್ತಿದ್ದರು. ಅವರ ಮೊಮ್ಮಗು ಮನೆಯಲ್ಲಿ ಬಾಯಾರಿ ಅಳುತ್ತಿತ್ತು, ಅದಕ್ಕೆ ಆಗಲೂ ಕುಡಿಸುತ್ತಿದ್ದುದು ಕುಂಟೆಯ ನೀರು.

ನಾನು ಬಾಯಿ ತೆರೆದರೆ ಯಾರೂ ಕೇಳುವಂತಿರಲಿಲ್ಲ. ಆಗ ಗೋಡೆಯ ಆಚೆಯಿಂದ ಆಪಾಳ ದನಿ ಬಂತು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೂಸನ್ನು ಎರಡೂ ಕೈಯಲ್ಲಿ ಗೋಡೆಗಿಂತ ಮೇಲಕ್ಕೆ ಎತ್ತಿ ಹಿಡಿದಿದ್ದಳು.

"ನೋಡಿ ನನ್ನ ಮಗೂನ! ಮೂರು ದಿನಾನೂ ಇದೇ ಬಾವಿ ನೀರು ಕುಡಿದಿದೆ. ನಾನೇ ಸೇದಿದ್ದು, ನಾನೇ ಕುದಿಸಿದ್ದು. ಏನಾಗಿದೆ ಇದಕ್ಕೆ? ಆ ಕುಂಟೆ ನೀರು ಬಿಟ್ಟುಬಿಡಿ ಅಮ್ಮಾ, ನಿಮ್ಮ ಮಗೂನ ಉಳಿಸ್ಕೊಳ್ಳಿ. ನಾನು ಎರಡು ಕಳ್ಕೊಂಡಿದೀನಿ."

ಎತ್ತಿ ಹಿಡಿದ ಕೂಸು ಎಲ್ಲರನ್ನೂ ನೋಡಿ ನಗುತ್ತಿತ್ತು. ಅವರಿಗೆ ಅದು ಕಾಣಲಿಲ್ಲ. ‘ನಾನೇ ಸೇದಿದ್ದು’ ಎಂಬುದಷ್ಟೇ ಕೇಳಿಸಿತ್ತು. ಅತ್ತೆ ರಾಟೆಯಿಂದ ಹಗ್ಗ ಬಿಚ್ಚಿ, ಹಿತ್ತಲ ಮೂಲೆಗೆ ಎಳೆದುಕೊಂಡು ಹೋಗಿ ಬೆಂಕಿ ಇಟ್ಟರು. ತೆಂಗಿನ ನಾರಿನ ಹಗ್ಗ, ಒದ್ದೆಯಾಗಿತ್ತು, ಉರಿಯದೆ ಹೊಗೆಯಾಡಿತು.

ಆದರೆ ಅದೇ ಮಧ್ಯಾಹ್ನ ಮೂಲೆಮನೆಯ ಸೊಸೆ, ಅಜ್ಜಿಯ ಕಣ್ಣು ತಪ್ಪಿಸಿ, ಸೆರಗಿನೊಳಗೆ ಬಿಂದಿಗೆ ಮುಚ್ಚಿಕೊಂಡು ಬಂದಳು. ಹಸುವಿನ ಹಗ್ಗ ಕಟ್ಟಿ ನಾನು ಸೇದಿ ಕೊಟ್ಟೆ. ಕುದಿಸಿ, ಗಂಜಿ ಮಾಡಿ, ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸು ಎಂದೆ. ಅವಳ ಹಿಂದೆ ಇನ್ನೊಬ್ಬಳು ಬಂದಳು. ಮಗು ಉಳಿಯಿತು. ಉಳಿದದ್ದು ಬೇವಿನ ಸೊಪ್ಪಿನಿಂದ ಎಂದು ಅಜ್ಜಿ ಸಾಯುವ ತನಕ ಹೇಳಿದರು, ಆ ಸೊಸೆ ತಲೆ ಬಗ್ಗಿಸಿ ಕೇಳಿದಳು.

ಅಂದಿನಿಂದ ಗೋಡೆಯ ಆಚೆ ನೀರು ಸುರಿಯುವುದು ನಿಂತಿತು. ಕಲಾಯಿಯವನ ಕೈಗೆ ಊರಿನ ಒಂದು ಪಾತ್ರೆಯೂ ಬರಲಿಲ್ಲ. ಸ್ವಲ್ಪ ದಿನಕ್ಕೆ ಓಣಿಯಲ್ಲಿ ಗಾಡಿ ನಿಂತ ಸದ್ದಾಯಿತು. ತಿದಿ ಎತ್ತಿಟ್ಟದ್ದು, ತಗಡಿನ ಪೆಟ್ಟಿಗೆ ಎತ್ತಿಟ್ಟದ್ದು, ಕೂಸು ಅತ್ತದ್ದು ಕೇಳಿಸಿತು. ಗಂಗಾನಗರದ ಕಡೆ ಹೋಗುತ್ತಾರಂತೆ ಎಂದು ಯಾರೋ ಅಂದರು. ನಾನು ಹಿತ್ತಲ ಕಡೆ ಓಡಿದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಗಾಡಿ ತಿರುಗುವ ತನಕ ಅವರೂ ಸರಿಯಲಿಲ್ಲ, ನಾನೂ ಸರಿಯಲಿಲ್ಲ.

ಅತ್ತೆ ಆಮೇಲೆ ಕುದಿಸದ ನೀರು ಕುಡಿಯಲಿಲ್ಲ. ಯಾರೂ ಹೇಳದೆ, ಯಾಕೆಂದು ಯಾರಿಗೂ ಹೇಳದೆ, ದಿನವೂ ತಾವೇ ಒಲೆಯ ಮೇಲೆ ನೀರಿಡುತ್ತಿದ್ದರು. ಬಾವಿಯ ಕಟ್ಟೆಯನ್ನು ಸೊಂಟದೆತ್ತರ, ಮೊಳದಗಲ ಕಟ್ಟಿಸಿದರು. ಮುಂದಿನ ಬೇಸಿಗೆಯಲ್ಲಿ ಇನ್‌ಸ್ಪೆಕ್ಟರು ಬಂದಾಗ ತಾವೇ ಬಕೆಟ್ಟು ತಂದು ಕೊಟ್ಟರು. ನನಗೆ ಅದನ್ನೆಲ್ಲ ಕಂಡು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾದರೂ ಆ ದಿನ ಬಾಗಿಲಿಗೆ ಅಡ್ಡ ನಿಂತದ್ದನ್ನು ನಾನು ಕ್ಷಮಿಸಿಲ್ಲ. ಕಟ್ಟೆ ಎತ್ತರವಾದ ಮೇಲೆ ಬಾವಿಗೆ ಬಗ್ಗಿ ಕೂಗುವುದೂ ಆಗುತ್ತಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತಾ ಬಂದಾಗ ಒಂದು ದಿನ ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಂತಿದ್ದೆ. ಸುಡುಬಿಸಿಲು. ನನಗೆ ಬಾಯಾರಿ ತಲೆ ತಿರುಗುತ್ತಿತ್ತು.

"ದುಲ್ಹನ್!"

ಮದುವೆಯಾಗಿ ಹತ್ತು ವರ್ಷ ಕಳೆದ ನನ್ನನ್ನು ಹಾಗೆ ಕರೆಯುವವಳು ಲೋಕದಲ್ಲಿ ಒಬ್ಬಳೇ. ಆಪಾ ತೆಳ್ಳಗಾಗಿದ್ದಳು. ಅವಳ ಪಕ್ಕ ಎರಡು ಜಡೆಯ, ಉದ್ದ ಕಾಲಿನ ಹುಡುಗಿ. ನಾನು ಆ ಹುಡುಗಿಯನ್ನೇ ನೋಡಿದೆ, ಕಣ್ಣು ತುಂಬಿ ಏನೂ ಕಾಣಲಿಲ್ಲ. "ಇವರೇ ಕಣೇ, ಕೆಂಪು ನೀರಿನ ದುಲ್ಹನ್" ಎಂದು ಆಪಾ ಅವಳಿಗೆ ಹೇಳಿದಳು. ಹುಡುಗಿ ಬಾಯಿ ಅಗಲಿಸಿ ನಕ್ಕಳು. ಅದೇ ನಗು.

"ಮುಖ ಎಷ್ಟು ಬಾಡಿದೆ ನಿಮ್ಮದು. ನೀರು ಕುಡೀರಿ. ಕುದಿಸಿದ್ದೇ" ಎಂದು ಆಪಾ ಚೀಲದಿಂದ ಹಿತ್ತಾಳೆಯ ಹೂಜಿ ತೆಗೆದಳು. ಒಳಗೆ ಕಲಾಯಿ ಹೊಳೆಯುತ್ತಿತ್ತು. ನಾನು ಹೂಜಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಬೊಗಸೆ ಒಡ್ಡಿ ಎಂದು ಕಣ್ಣಲ್ಲೇ ಹೇಳಿ, ಹೂಜಿಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಎತ್ತಿ ಸುರಿದಳು. ಅರ್ಧ ನನ್ನ ಬೊಗಸೆಗೆ, ಅರ್ಧ ನನ್ನ ಸೀರೆಗೆ.

"ಕೆಳಗೆ ಹಿಡಿ ಆಪಾ, ಚೆಲ್ತಾ ಇದೆ" ಎಂದೆ.

"ಬೇಡ ದುಲ್ಹನ್. ಯಾರಾದ್ರೂ ನೋಡಿದ್ರೆ ನಿಮಗೆ ತೊಂದ್ರೆ."

ನಾನು ತಲೆಯೆತ್ತಿ ಸುತ್ತ ನೋಡಿದೆ. ರಸ್ತೆ ಖಾಲಿಯಿತ್ತು. ಆ ಹುಡುಗಿಯ ಹೊರತು ನಮ್ಮನ್ನು ನೋಡುವವರು ಅಲ್ಲಿ ಯಾರೂ ಇರಲಿಲ್ಲ.